ಕ್ಯಾಂಪಸ್ ದಾರಿಯ ಸೋಲಾರ್ ದೀಪ: ಒರೆಸೋರು ಯಾರು?

ಮಗಳನ್ನು ಹಾಸ್ಟೆಲ್‌ಗೆ ಬಿಡಲು ಹೋದವರು ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಎಲ್ಲ ಕಡೆ ಒಂದೇ. ಊಟ ಹೆಂಗದ? ನೀರು ದಿನಾ ಬರ್ತದೇನು? ಒಂದು ರೂಮಿಗೆ ಎಷ್ಟು ಮಂದಿ? ಇಷ್ಟು ಕೇಳಿ, ಫೀಸು ಕಟ್ಟಿ, ಟ್ರಂಕು ಇಳಿಸಿ, ಊರಿನ ಕೊನೇ ಬಸ್ಸು ತಪ್ಪಬಾರದು ಅಂತ ನಾಲ್ಕಕ್ಕೇ ಹೊರಟುಬಿಡುತ್ತಾರೆ. ಹಾಗಾಗಿ ಕತ್ತಲಾದ ಮೇಲೆ ಆ ಕ್ಯಾಂಪಸ್ ಹೇಗಿರುತ್ತದೆ ಅನ್ನೋದನ್ನು ಬಹಳಷ್ಟು ತಂದೆ ತಾಯಿ ನೋಡಿಯೇ ಇರುವುದಿಲ್ಲ.

ನಾನು ಚಿತ್ತಾಪುರ ತಾಲ್ಲೂಕಿನವಳು. ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ನಮ್ಮ ಕಡೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯ ಹುಡುಗಿಯರು ಡಿಗ್ರಿ ತನಕ ಹೇಗೋ ಊರಲ್ಲಿ ಇಲ್ಲವೇ ಹತ್ತಿರದಲ್ಲಿ ಓದಿಕೊಳ್ಳುತ್ತಾರೆ. ಎಂ.ಎ., ಎಂ.ಎಸ್ಸಿ. ಅಂದರೆ ಹೆಚ್ಚಿನವರಿಗೆ ಕಲಬುರಗಿಯೇ. ಶಹಾಬಾದ್, ವಾಡಿಯವರಿಗೆ ಮುಂಬೈ–ಚೆನ್ನೈ ಲೈನಿನ ರೈಲು ಇದೆ. ಸೇಡಂ, ಚಿತ್ತಾಪುರದವರಿಗೆ ವಾಡಿಗೆ ಬಂದು ಸೇರುವ ಲೈನು ಇದೆ. ಚಿಂಚೋಳಿಯವರಿಗೆ ರೈಲೇ ಇಲ್ಲ, ಬಸ್ಸೇ ಗತಿ. ದಿನಾ ಓಡಾಡಿ ಸುಸ್ತಾದವರು ಎರಡನೇ ಸೆಮಿಸ್ಟರ್ ಹೊತ್ತಿಗೆ ಹಾಸ್ಟೆಲ್ ಸೇರುತ್ತಾರೆ.

ಸೇಡಂ ರಸ್ತೆಯಲ್ಲೇ ಗುಲಬರ್ಗಾ ವಿಶ್ವವಿದ್ಯಾಲಯದ ಜ್ಞಾನಗಂಗಾ ಕ್ಯಾಂಪಸ್ ಇದೆ. ಮೊದಲು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿದ್ದದ್ದು 1980ರಲ್ಲಿ ಸ್ವತಂತ್ರ ವಿಶ್ವವಿದ್ಯಾಲಯವಾಯಿತು. ವಿಸ್ತೀರ್ಣ ಸುಮಾರು 860 ಎಕರೆ. ಆಳಂದ ರಸ್ತೆಯ ಕಡಗಂಚಿಯಲ್ಲಿ 2009ರಲ್ಲಿ ಹುಟ್ಟಿದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಇದೆ, ಅದು 650 ಎಕರೆಗೂ ಮೇಲೆ. ಎಕರೆ ಲೆಕ್ಕ ಹೊಲ ಇದ್ದವರಿಗೆ ತಟ್ಟನೆ ಹೊಳೆಯುತ್ತದೆ, ಉಳಿದವರಿಗಾಗಿ ಹೇಳುತ್ತೇನೆ: 860 ಎಕರೆ ಜಾಗ ಚೌಕಾಕಾರ ಇದೆ ಅಂದುಕೊಂಡರೆ ಈ ಅಂಚಿನಿಂದ ಆ ಅಂಚಿಗೆ ಹತ್ತಿರ ಹತ್ತಿರ ಎರಡು ಕಿಲೋಮೀಟರ್. ಇಂಥ ಜಾಗದಲ್ಲಿ ಡಿಪಾರ್ಟ್‌ಮೆಂಟ್ ಒಂದು ಕಡೆ, ಲೈಬ್ರರಿ ಇನ್ನೊಂದು ಕಡೆ, ಹಾಸ್ಟೆಲ್ ಮತ್ತೊಂದು ಕಡೆ ಇದ್ದರೆ ನಡುವಿನ ದಾರಿಯೇ ಒಂದು ಊರು ದಾಟಿದಷ್ಟು ಆಗುತ್ತದೆ.

ನನ್ನ ಕಾಕಾನ ಮಗಳು ಇಂಥದ್ದೇ ಒಂದು ದೊಡ್ಡ ಕ್ಯಾಂಪಸ್‌ನಲ್ಲಿ ಎಂ.ಎಸ್ಸಿ. ಓದುತ್ತಿದ್ದಾಳೆ. ಯಾವುದು ಅಂತ ಬೇಡ, ಕಥೆ ಎಲ್ಲ ಕಡೆಯದ್ದೂ ಇದೇ. ಹೋದ ವರ್ಷ ಫೋನಿನಲ್ಲಿ ಹೇಳಿದಳು: "ಅಕ್ಕಾ, ಲೈಬ್ರರಿ ಎಂಟರ ತನಕ ತೆರೆದಿರ್ತದ. ಆದ್ರ ನಾವು ಹುಡುಗ್ಯಾರು ಆರೂವರೆಗೇ ಎದ್ದು ಬರ್ತೀವಿ. ನಡುವಿನ ದಾರಿ ಪೂರಾ ಕತ್ತಲ. ಬ್ಯಾಸಿಗಿಯಾಗ ಹಾವು ಬ್ಯಾರೆ."

ಡಿಸೆಂಬರ್‌ನಲ್ಲಿ ನಮ್ಮ ಕಡೆ ಆರಕ್ಕೆ ಮುಂಚೆಯೇ ಹೊತ್ತು ಮುಳುಗುತ್ತದೆ. ಲ್ಯಾಬ್ ಮುಗಿಯುವುದೇ ಐದರ ಮೇಲೆ. ದಿನಕ್ಕೆ ಒಂದೂವರೆ ತಾಸು ಲೈಬ್ರರಿ ತಪ್ಪಿತು ಅಂದುಕೊಳ್ಳಿ, ವರ್ಷಕ್ಕೆ 200 ದಿನ ಅಂದುಕೊಳ್ಳಿ, 300 ತಾಸು ಆಯಿತು. ಅದೇ ಕ್ಲಾಸಿನ ಹುಡುಗನಿಗೆ ಆ 300 ತಾಸು ಸಿಗುತ್ತದೆ. ಪಠ್ಯ ಒಂದೇ, ಪರೀಕ್ಷೆ ಒಂದೇ, ಫೀಸೂ ಒಂದೇ. ಹಾಸ್ಟೆಲ್ ಗೇಟು ಬೇಗ ಹಾಕುವುದಕ್ಕೆ ವಾರ್ಡನ್ ಕೊಡುವ ಕಾರಣವೂ ಸುಳ್ಳಲ್ಲ, "ಹೊರಗ ಕತ್ತಲ ಅದ, ನಾಳೆ ಏನರೆ ಆದ್ರ ನಿಮ್ಮ ಮನಿಯವರಿಗೆ ನಾ ಏನಂತ ಹೇಳ್ಲಿ?" ಆಕೆ ಹೇಳುವುದು ಸರಿ. ಆದರೆ ಕತ್ತಲೆ ಇದ್ದರೆ ದೀಪ ಹಾಕಬೇಕು, ಹುಡುಗಿಯರನ್ನು ಒಳಗೆ ಹಾಕುವುದಲ್ಲ ಅಂತ ನನ್ನ ವಾದ.

ದೀಪ ಅಂದ ಕೂಡಲೇ ಈಗ ಎಲ್ಲರ ಬಾಯಲ್ಲೂ ಬರುವ ಮಾತು ಸೋಲಾರ್. ಬಿಸಿಲಿಗೇನು ಕಮ್ಮಿ ನಮ್ಮಲ್ಲಿ!

ಕಮ್ಮಿ ಇಲ್ಲ, ನಿಜ. ಆದರೂ ನಾನು ಇಂಜಿನಿಯರಿಂಗ್ ಓದಿದ ಕಾಲೇಜಿನಲ್ಲಿ ಹಾಕಿದ್ದ ಸೋಲಾರ್ ಬೀದಿದೀಪಗಳು ಸರಿಯಾಗಿ ಉರಿದದ್ದು ಒಂದೂವರೆ ವರ್ಷ. ಉದ್ಘಾಟನೆಗೆ ಪೆಂಡಾಲು, ಹಾರ, ಫೋಟೋ ಎಲ್ಲ ಆಗಿತ್ತು. ನಾವು ಫೈನಲ್ ಇಯರ್‌ಗೆ ಬರುವ ಹೊತ್ತಿಗೆ ಕಂಬಗಳು ಬ್ಯಾನರ್ ಕಟ್ಟಲು ಉಪಯೋಗಕ್ಕೆ ಬರುತ್ತಿದ್ದವು. ಆಗ "ಸೋಲಾರ್ ಅಂದ್ರ ಅಷ್ಟೇ" ಅಂತ ಎಲ್ಲರೂ ನಕ್ಕು ಬಿಟ್ಟರು. ನನಗೆ ಮಾತ್ರ ಅದು ತಲೆಯಲ್ಲಿ ಉಳಿಯಿತು. ತಂಗಿಯ ಫೋನು ಬಂದ ಮೇಲೆ ಎರಡು ಮೂರು ವಾರಾಂತ್ಯ ಕೂತು ಲೆಕ್ಕ ಹಾಕಿದೆ, ಊರಿಗೆ ಹೋದಾಗ ವಾಡಿಯಲ್ಲಿ ಇಂಥ ಲೈಟು ರಿಪೇರಿ ಮಾಡುವ ಒಬ್ಬ ಕಾಕಾನ ಜೊತೆ ಅರ್ಧ ದಿನ ಕೂತೆ. ಅದರಲ್ಲಿ ತಿಳಿದದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

ಒಂದು ಕಂಬದ ಲೆಕ್ಕ

ಸೋಲಾರ್ ಬೀದಿದೀಪದಲ್ಲಿ ಇರುವುದು ನಾಲ್ಕೇ ವಸ್ತು: ಬಿಸಿಲು ಹಿಡಿಯುವ ಪ್ಯಾನೆಲ್, ಕೂಡಿಡುವ ಬ್ಯಾಟರಿ, ಉರಿಯುವ ಎಲ್‌ಇಡಿ, ಇವು ಮೂರನ್ನೂ ಅಂಕೆಯಲ್ಲಿಡುವ ಒಂದು ಸಣ್ಣ ಕಂಟ್ರೋಲರ್. ಹೊತ್ತು ಮುಳುಗಿತು ಅನ್ನುವುದು ಕಂಟ್ರೋಲರ್‌ಗೆ ಪ್ಯಾನೆಲ್‌ನಿಂದಲೇ ಗೊತ್ತಾಗುತ್ತದೆ. ಪ್ಯಾನೆಲ್‌ನ ವೋಲ್ಟೇಜ್ ಬಿದ್ದರೆ ರಾತ್ರಿಯಾಯಿತು ಅಂತ ಅರ್ಥ, ಬೇರೆ ಸ್ವಿಚ್ ಬೇಡ.

ಆರು ಮೀಟರ್ ಎತ್ತರದ ಕಂಬಕ್ಕೆ 20 ವ್ಯಾಟ್ ಎಲ್‌ಇಡಿ ಸಾಕು, ನಡೆಯುವ ದಾರಿಗೆ ಇಷ್ಟು ಧಾರಾಳ. ರಾತ್ರಿ 12 ತಾಸು ಪೂರ್ತಿ ಉರಿದರೆ 240 ವ್ಯಾಟ್-ಅವರ್ ಬೇಕು. ಮೂರು ದಿನ ಮೋಡ ಕವಿದರೂ ಉರಿಯಬೇಕಾದರೆ 720. ಬ್ಯಾಟರಿಯನ್ನು ತಳ ಕಾಣುವವರೆಗೆ ಖಾಲಿ ಮಾಡಬಾರದು, ನೂರಕ್ಕೆ 80ರಷ್ಟು ಬಳಸಬೇಕು. ಅಂದರೆ 900 ವ್ಯಾಟ್-ಅವರ್‌ನ ಬ್ಯಾಟರಿ. ಈಗಿನ 12.8 ವೋಲ್ಟ್ ಲಿಥಿಯಂ ಬ್ಯಾಟರಿಯಲ್ಲಿ ಅದು 70 ಆಂಪಿಯರ್-ಅವರ್ ಆಗುತ್ತದೆ. ಇಡೀ ಕಂಬದಲ್ಲಿ ದುಬಾರಿ ವಸ್ತು ಇದೇ, ಆದ್ದರಿಂದ ಕಡಿಮೆ ದರಕ್ಕೆ ಟೆಂಡರ್ ಹಿಡಿದವರು ಮೊದಲು ಕತ್ತರಿ ಹಾಕುವುದೂ ಇದಕ್ಕೇ. ಅರ್ಧ ಅಳತೆಯ ಬ್ಯಾಟರಿ ಹಾಕಿದರೂ ಉದ್ಘಾಟನೆ ದಿನ ಲೈಟು ಜಗ್ಗನೆ ಉರಿಯುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ.

ಇಲ್ಲಿ ಒಂದು ಉಪಾಯ ಇದೆ. ರಾತ್ರಿ ಎರಡು ಗಂಟೆಗೆ ಯಾರೂ ನಡೆಯದ ದಾರಿಗೆ 20 ವ್ಯಾಟ್ ಯಾಕೆ? ಸಂಜೆ ಆರೂವರೆಯಿಂದ ಹನ್ನೊಂದೂವರೆ ತನಕ ಪೂರ್ತಿ ಬೆಳಕು, ಆಮೇಲೆ ಬೆಳಗಿನ ತನಕ 6 ವ್ಯಾಟ್‌ಗೆ ಮಂದ, ಯಾರಾದರೂ ಬಂದರೆ ಸೆನ್ಸರ್‌ನಿಂದ ಮತ್ತೆ ಜೋರು. ಲೆಕ್ಕ ಹಾಕಿ: 100 ಮತ್ತು 42, ಒಟ್ಟು 142. ಹೆಚ್ಚು ಕಡಿಮೆ ನೂರಕ್ಕೆ 40 ಉಳಿಯಿತು. ಬ್ಯಾಟರಿ 70ರಿಂದ 42 ಆಂಪಿಯರ್-ಅವರ್‌ಗೆ ಇಳಿಯಿತು. ಕಂಟ್ರೋಲರ್‌ನೊಳಗೆ ನಾಲ್ಕು ಸಾಲಿನ ಪ್ರೋಗ್ರಾಂ ಬದಲಿಸಿದರೆ ಆಗುವ ಕೆಲಸ ಇದು. ಅದೇ ನಮ್ಮ ಕಡೆ ನಾ ಕಂಡ ಎಷ್ಟೋ ಲೈಟುಗಳು ಇಡೀ ರಾತ್ರಿ ಒಂದೇ ಸಮ ಉರಿಯಲು ನೋಡಿ, ಮೂರು ಗಂಟೆಗೆ ಸತ್ತು ಬಿದ್ದಿರುತ್ತವೆ.

ಇನ್ನು ಬಿಸಿಲು. ಬೇರೆ ಬೇರೆ ಊರಿನ ಬಿಸಿಲಿನ ಲೆಕ್ಕವನ್ನು ನಾಸಾ ಉಪಗ್ರಹಗಳ ಆಧಾರದಲ್ಲಿ ಉಚಿತವಾಗಿ ಕೊಡುತ್ತದೆ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಕಲಬುರಗಿ ಭಾಗಕ್ಕೆ ವರ್ಷದ ಸರಾಸರಿ ದಿನಕ್ಕೆ ಚದರ ಮೀಟರಿಗೆ 5 ಯೂನಿಟ್‌ಗೂ ಮೇಲೆ. ತುಂಬಾ ಒಳ್ಳೆಯದು. ಆದರೆ ಸರಾಸರಿ ನೋಡಿ ಲೈಟು ಹಾಕಿದವರು ಜುಲೈ, ಆಗಸ್ಟ್‌ನಲ್ಲಿ ಪೇಚಾಡುತ್ತಾರೆ. ಆಗ ಅದು 4ರ ಆಸುಪಾಸಿಗೆ ಇಳಿಯುತ್ತದೆ, ಅದರಲ್ಲೂ ಮೋಡದ ದಿನಗಳು ಒಂದರ ಹಿಂದೊಂದು ಬರುತ್ತವೆ. ತೊಗರಿ ಬಿತ್ತಿದವರಿಗೆ ಈ ಲೆಕ್ಕ ನಾ ಹೇಳಬೇಕಾಗಿಲ್ಲ. ವರ್ಷದ ಮಳೆ ಸರಿಯಾಗಿ ಬಂತು ಅನ್ನುವುದು ಬೇರೆ, ಬೇಕಾದ ವಾರದಲ್ಲಿ ಬಂತು ಅನ್ನುವುದು ಬೇರೆ.

ನಮ್ಮ ಬಿಸಿಲು, ನಮ್ಮ ಧೂಳು, ನಮ್ಮ ಕಲ್ಲು

ಬಿಸಿಲು ಹೆಚ್ಚಿದ್ದಷ್ಟೂ ಸೋಲಾರ್ ಹೆಚ್ಚು ಅಂತ ಎಲ್ಲರೂ ತಿಳಿದಿರುತ್ತಾರೆ. ಬೆಳಕು ಬೇಕು, ಶಾಖ ಬೇಡ, ಇದು ಪ್ಯಾನೆಲ್‌ನ ಸ್ವಭಾವ. 25 ಡಿಗ್ರಿಗಿಂತ ಮೇಲೆ ಒಂದೊಂದು ಡಿಗ್ರಿ ಏರಿದಂತೆ ಅದರ ಶಕ್ತಿ ನೂರಕ್ಕೆ 0.4ರಷ್ಟು ಕುಗ್ಗುತ್ತದೆ. ಮೇ ತಿಂಗಳ ಮಧ್ಯಾಹ್ನ, ಹೊರಗೆ 43 ಇದ್ದಾಗ, ಪ್ಯಾನೆಲ್‌ನ ಮೈ 65 ಮುಟ್ಟುತ್ತದೆ. ನೂರಕ್ಕೆ 15ರಷ್ಟು ಅಲ್ಲೇ ಹೋಯಿತು. ಬ್ಯಾಟರಿಗಂತೂ ಬಿಸಿ ಇನ್ನೂ ಕೆಟ್ಟದ್ದು. ಹಳೆಯ ಸೀಸ-ಆಸಿಡ್ ಬ್ಯಾಟರಿಗೆ ಒಂದು ಅಂದಾಜಿನ ನಿಯಮವೇ ಇದೆ, 10 ಡಿಗ್ರಿ ಏರಿದರೆ ಆಯುಷ್ಯ ಅರ್ಧ. ಕಂಬದ ಬುಡದಲ್ಲಿ ಕಬ್ಬಿಣದ ಪೆಟ್ಟಿಗೆಯೊಳಗೆ ಅದನ್ನಿಟ್ಟು ಕಲಬುರಗಿಯ ಬಿಸಿಲಿಗೆ ಬಿಟ್ಟರೆ ಏನಾಗಬೇಕೋ ಅದೇ ನಮ್ಮ ಕಾಲೇಜಿನಲ್ಲಿ ಆಗಿತ್ತು. ಬುಡದಲ್ಲಿದ್ದ ಬ್ಯಾಟರಿಗೆ ಕಳ್ಳರ ಕಾಟವೂ ಇತ್ತು. ಈಗ ಬರುವ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಶಾಖವನ್ನು ಇದಕ್ಕಿಂತ ಚೆನ್ನಾಗಿ ತಡೆಯುತ್ತದೆ, ಎರಡು ಸಾವಿರ ಸಲ ಚಾರ್ಜ್ ಆಗಿ ಇಳಿದರೂ ನಡೆಯುತ್ತದೆ. ಹಗುರ ಇರುವುದರಿಂದ ಕಂಬದ ಮೇಲೆಯೇ ಇಡಬಹುದು.

ಅಂಗಡಿಯಲ್ಲಿ ಈಗ ಎಲ್ಲವೂ ಒಂದೇ ಡಬ್ಬಿಯಲ್ಲಿರುವ ಲೈಟು ಸಿಗುತ್ತದೆ. ಮೇಲೆ ಪ್ಯಾನೆಲ್, ಕೆಳಗೆ ಎಲ್‌ಇಡಿ, ನಡುವೆ ಬ್ಯಾಟರಿ. ಹಾಕುವುದು ಸುಲಭ, ನೋಡಲಿಕ್ಕೂ ಚಂದ. ಆದರೆ ಅದರ ಪ್ಯಾನೆಲ್ ದಾರಿ ಯಾವ ಕಡೆಗಿದೆಯೋ ಆ ಕಡೆಗೇ ನೋಡುತ್ತದೆ. ನಮ್ಮ ಅಕ್ಷಾಂಶ 17 ಡಿಗ್ರಿ ಚಿಲ್ಲರೆ. ಪ್ಯಾನೆಲ್ ದಕ್ಷಿಣಕ್ಕೆ ಮುಖ ಮಾಡಿ ಅಷ್ಟೇ ಬಾಗಿರಬೇಕು. ಬಾಗಿದ್ದರೆ ಧೂಳೂ ಜಾರುತ್ತದೆ, ಹಕ್ಕಿ ಹಿಕ್ಕೆಯೂ ಮಳೆಗೆ ಇಳಿಯುತ್ತದೆ. ಚಪ್ಪಟೆ ಮಲಗಿದ್ದರೆ ಎರಡೂ ಅಲ್ಲೇ ಕೂರುತ್ತವೆ. ಜೊತೆಗೆ ಮೇಲೆ ಕಾದ ಪ್ಯಾನೆಲ್, ಅದರ ಹೊಟ್ಟೆಯಲ್ಲೇ ಬ್ಯಾಟರಿ. ನಮ್ಮ ಕಡೆಗೆ ಪ್ಯಾನೆಲ್ ಬೇರೆ, ಲೈಟು ಬೇರೆ ಇರುವುದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಈಗ ಧೂಳಿನ ವಿಷಯ. ಇದನ್ನು ಬೆಂಗಳೂರಿನಲ್ಲಿ ಕೂತು ಡಿಸೈನ್ ಮಾಡುವವರು ಯೋಚಿಸುವುದೇ ಇಲ್ಲ. ವಾಡಿ, ಸೇಡಂ, ಮಳಖೇಡ, ಚಿತ್ತಾಪುರ ಅಂದರೆ ಸಿಮೆಂಟ್ ಫ್ಯಾಕ್ಟರಿಗಳ ಸೀಮೆ. ನೆಲದಡಿ ಎಲ್ಲ ಸುಣ್ಣದಕಲ್ಲು. ಶಹಾಬಾದ್ ಅಂದರೆ ಫರಸಿ. ಕ್ವಾರಿ, ಕಲ್ಲು ಕೊಯ್ಯುವ ಮಷಿನ್ನು, ಪಾಲಿಶ್ ಫ್ಯಾಕ್ಟರಿ. ಕಲ್ಲು ತುಂಬಿದ ಲಾರಿ ಹೋದ ದಾರಿಯ ಬೇವಿನ ಎಲೆ ಕೂಡ ಬಿಳಿ. ಸಾಮಾನ್ಯ ಮಣ್ಣಿನ ಧೂಳು ಒಂದು ಜೋರು ಮಳೆಗೆ ತೊಳೆದು ಹೋಗುತ್ತದೆ. ಸಿಮೆಂಟಿನ ಧೂಳು ಹಾಗಲ್ಲ. ಚಳಿಗಾಲದ ಬೆಳಗಿನ ಇಬ್ಬನಿ ಅದರ ಮೇಲೆ ಬಿದ್ದರೆ ಅದು ತನ್ನ ಕೆಲಸ ಶುರು ಮಾಡುತ್ತದೆ, ನೀರು ಸೋಕಿದ ಸಿಮೆಂಟ್ ಏನು ಮಾಡುತ್ತದೋ ಅದೇ. ಗಾಜಿನ ಮೇಲೆ ಒಂದು ಗಟ್ಟಿ ಪೊರೆ. ಆಮೇಲೆ ಮಳೆ ಬಂದರೂ ಅದು ಅಲ್ಲಾಡುವುದಿಲ್ಲ.

ವಾಡಿಯ ಕಾಕಾ ತಮ್ಮ ಅಂಗಡಿ ಹಿಂದೆ ಬಿದ್ದಿದ್ದ ಒಂದು ಪ್ಯಾನೆಲ್ ತೋರಿಸಿದರು. ಕಂಪನಿಯವರು ಕೆಟ್ಟಿದೆ ಅಂತ ಎಸೆದು ಹೋದದ್ದು. ಒದ್ದೆ ಅರಿವೆಯಿಂದ ಹತ್ತು ನಿಮಿಷ ತಿಕ್ಕಿ, ಮೀಟರ್ ಹಿಡಿದು, "ನೋಡವ್ವ, ಇದು ಸತ್ತಿಲ್ಲ, ಮಾರಿ ತೊಳಕೊಂಡಿಲ್ಲ ಅಷ್ಟೇ" ಅಂದರು. ಅವರ ಮನೆಯ ಮೇಲಿನ ಎರಡು ಪ್ಯಾನೆಲ್ ಅಂಥವೇ, ಯಾರೋ ಎಸೆದವು.

ತೊಳೆಯುವುದರಲ್ಲೂ ಒಂದು ತೊಡಕು ಇದೆ. ಸುಣ್ಣದಕಲ್ಲಿನ ನೆಲದ ಬೋರ್‌ವೆಲ್ ನೀರು ಎಷ್ಟು ಗಡಸು ಅಂತ ನಮ್ಮ ಕಡೆ ಸ್ಟೀಲಿನ ಕೊಡ ತಿಕ್ಕಿದವರಿಗೆ ಗೊತ್ತು. ಆ ನೀರನ್ನು ಮಧ್ಯಾಹ್ನ ಕಾದ ಗಾಜಿನ ಮೇಲೆ ಸುರಿದರೆ ನೀರು ಆರಿ ಬಿಳಿ ಕಲೆ ಉಳಿಯುತ್ತದೆ, ಜೊತೆಗೆ ಕಾದ ಗಾಜಿಗೆ ತಣ್ಣೀರು ಬಿದ್ದರೆ ಬಿರುಕು ಬಿಡುವ ಭಯ. ಹಾಗಾಗಿ ಬೆಳಗ್ಗೆ ತಣ್ಣಗಿದ್ದಾಗ, ಮೊದಲು ಒಣ ಬ್ರಷ್ಷಿನಿಂದ ಧೂಳು ಜಾಡಿಸಿ, ಆಮೇಲೆ ಒದ್ದೆ ಅರಿವೆ, ಕೊನೆಗೆ ಒಣ ಅರಿವೆ. ಮಳೆನೀರು ಹಿಡಿದಿಟ್ಟಿದ್ದರೆ ಅದು ಎಲ್ಲಕ್ಕಿಂತ ಒಳ್ಳೆಯದು.

ನನ್ನ ಅಜ್ಜಿಯ ಕಾಲದಲ್ಲಿ ಸಂಜೆಯಾದರೆ ಮನೆಯ ಹೆಣ್ಣುಮಕ್ಕಳ ಪಾಲಿಗೆ ಒಂದು ಕೆಲಸ ಕಾಯಂ ಇತ್ತಂತೆ. ಕಂದೀಲಿನ ಗಾಜು ಬಿಚ್ಚಿ, ಬೂದಿ ಹಚ್ಚಿ ಒರೆಸಿ, ಬತ್ತಿ ಕತ್ತರಿಸಿ ಇಡುವುದು. ಯಾರೂ ಅದನ್ನು ರಿಪೇರಿ ಅಂತ ಕರೆಯುತ್ತಿರಲಿಲ್ಲ. ದೀಪ ಹಚ್ಚುವುದರಲ್ಲೇ ಅದು ಸೇರಿತ್ತು. 1905ರ ಆಗಸ್ಟ್ 5ರಂದು ಬೆಂಗಳೂರಿನ ಸಿಟಿ ಮಾರ್ಕೆಟ್ ಹತ್ತಿರ ಶಿವನಸಮುದ್ರದ ಕರೆಂಟಿನಿಂದ ಮೊದಲ ಬೀದಿದೀಪಗಳು ಹತ್ತಿದವು. ಅದಕ್ಕೂ ಮುಂಚೆ ಬೀದಿಯ ಎಣ್ಣೆ ದೀಪಗಳಿಗೆ ಏಣಿ ಹೊತ್ತು ತಿರುಗುವ ಆಳು ಇರುತ್ತಿದ್ದ. ಕರೆಂಟು ಬಂದು ಆ ಆಳು ಹೋದ. ಸೋಲಾರ್ ಬಂದಾಗ ಅವನನ್ನು ಮತ್ತೆ ಕರೆಯಬೇಕಿತ್ತು, ನಾವು ಕರೆಯಲಿಲ್ಲ. ಬಿಲ್ ಇಲ್ಲ, ವೈರ್ ಇಲ್ಲ, ಹಾಕಿ ಮರೆತುಬಿಡಿ ಅಂತ ಮಾರಾಟದವರು ಹೇಳಿದ್ದನ್ನೇ ನಂಬಿದೆವು.

ಕಲ್ಲಿನಿಂದ ತೊಂದರೆಯಷ್ಟೇ ಅಲ್ಲ, ಲಾಭವೂ ಇದೆ. ನೆಲ ಅಗೆದರೆ ಎರಡು ಅಡಿಗೇ ಫರಸಿಯ ಪದರ ಹತ್ತುವ ಕಡೆ ಕಿಲೋಮೀಟರ್‌ಗಟ್ಟಲೆ ಕೇಬಲ್ ಹೂಳುವುದು ದೊಡ್ಡ ಖರ್ಚು. ಸೋಲಾರ್ ಕಂಬಕ್ಕೆ ಒಂದು ಗುಂಡಿ ಸಾಕು. ಆದರೆ ಎರಿ ಭೂಮಿ ಇದ್ದಲ್ಲಿ ಹುಷಾರಾಗಿರಬೇಕು. ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುವ ಮಣ್ಣು ಅದು. ಒಂದೂವರೆ ಅಡಿ ಕಾಂಕ್ರೀಟ್ ಹಾಕಿ ನಿಲ್ಲಿಸಿದ ಕಂಬ ಎರಡು ಮಳೆಗಾಲಕ್ಕೆ ವಾಲುತ್ತದೆ, ವಾಲಿದ ಕಂಬದ ಪ್ಯಾನೆಲ್ ದಕ್ಷಿಣ ಬಿಟ್ಟು ಇನ್ನೆಲ್ಲೋ ನೋಡುತ್ತದೆ. ಕರಿಮಣ್ಣನ್ನು ಪೂರ್ತಿ ತೆಗೆದು, ಮರಮು ತುಂಬಿ, ಆಳಕ್ಕೆ ಬುನಾದಿ ಹಾಕಬೇಕು.

ಛಾವಣಿ ಮೇಲೆ ಹಾಕಿದರಾಗದೆ?

ಈ ಪ್ರಶ್ನೆ ನನ್ನ ಅಪ್ಪ ಕೇಳಿದ್ದು. ಪ್ರತಿ ಕಂಬಕ್ಕೂ ಯಾಕೆ, ದೊಡ್ಡ ಬಿಲ್ಡಿಂಗಿನ ಮೇಲೆ ಒಂದೇ ಕಡೆ ಪ್ಯಾನೆಲ್ ಹಾಕಿ, ಎಲ್ಲ ಲೈಟಿಗೂ ಕರೆಂಟು ಕೊಟ್ಟರಾಯಿತಲ್ಲ? ಒಳ್ಳೆಯ ಪ್ರಶ್ನೆ. ಕೇಬಲ್ಲು, ಕಂಬ ಮೊದಲೇ ಇದ್ದ ಕಡೆ ನಾನೂ ಅದನ್ನೇ ಹೇಳುತ್ತೇನೆ. ಒಂದೇ ಜಾಗದಲ್ಲಿ ಒರೆಸುವುದು ಸುಲಭ, ಮರದ ನೆರಳಿಲ್ಲ, ಹಗಲು ಹುಟ್ಟಿದ ಕರೆಂಟನ್ನು ಜೆಸ್ಕಾಂ ಲೈನಿಗೆ ಕೊಟ್ಟು ರಾತ್ರಿ ವಾಪಸ್ ತೆಗೆದುಕೊಳ್ಳಬಹುದು, ಬ್ಯಾಟರಿಯ ರಗಳೆಯೇ ಇಲ್ಲ.

ಆದರೆ ಬಹಳ ಜನರಿಗೆ ಗೊತ್ತಿಲ್ಲದ ಒಂದು ವಿಷಯ ಇದೆ. ಲೈನಿಗೆ ಜೋಡಿಸಿದ ಇಂಥ ಸೋಲಾರ್, ಕರೆಂಟು ಹೋದ ಕೂಡಲೇ ತಾನೂ ಬಂದ್ ಆಗುತ್ತದೆ, ನಡುಮಧ್ಯಾಹ್ನದ ಬಿಸಿಲಿದ್ದರೂ. ಕಾರಣ ಸರಿಯಾದದ್ದೇ. ಲೈನ್‌ಮನ್ ಕರೆಂಟು ಇಲ್ಲ ಅಂತ ಕಂಬ ಹತ್ತಿರುತ್ತಾನೆ, ನಮ್ಮ ಛಾವಣಿಯ ಕರೆಂಟು ಅವನ ಜೀವ ತೆಗೆಯಬಾರದು. ರಾತ್ರಿಯಂತೂ ಅದರಿಂದ ಏನೂ ಬರುವುದಿಲ್ಲ. ಅಂದರೆ ಸಂಜೆ ಗಾಳಿ ಮಳೆಗೆ ಕರೆಂಟು ಹೋದರೆ ದಾರಿ ಮತ್ತೆ ಕತ್ತಲೆ, ಬೆಳಕು ಬೇಕಾಗಿರುವುದೂ ಆಗಲೇ. ಹಾಗಾಗಿ ಎರಡೂ ಬೇಕು. ಮುಖ್ಯ ರಸ್ತೆಗೆ ಲೈನಿನ ಎಲ್‌ಇಡಿ. ಲೈಬ್ರರಿಯಿಂದ ಹಾಸ್ಟೆಲ್ ತನಕದ ದಾರಿ, ಬಸ್ ಸ್ಟಾಪ್, ಹಾಸ್ಟೆಲ್ ಹಿಂದಿನ ತಿರುವು, ಇಂಥ ಕಡೆ ಮಾತ್ರ ತನ್ನ ಕಾಲ ಮೇಲೆ ತಾನು ನಿಂತ ಸೋಲಾರ್ ಕಂಬ. 860 ಎಕರೆಗೂ ಬೆಳಕು ಹಾಕುವ ಅಗತ್ಯವೇ ಇಲ್ಲ.

ಹೈಮಾಸ್ಟ್ ಬಗ್ಗೆ ಒಂದು ಮಾತು. ಸರ್ಕಲ್‌ನಲ್ಲಿ ಎತ್ತರಕ್ಕೆ ನಿಲ್ಲಿಸಿ ಕಣ್ಣು ಕುಕ್ಕುವ ಬೆಳಕು ಸುರಿಯುವುದು ನಮ್ಮ ಕಡೆ ಎಲ್ಲರಿಗೂ ಇಷ್ಟ, ಹೆಸರಿನ ಫಲಕವೂ ದೊಡ್ಡದು ಬರುತ್ತದೆ. ಆದರೆ ಅಂಥ ಬೆಳಕಿನಿಂದ ಹೊರಗೆ ಕಾಲಿಟ್ಟವಳಿಗೆ ಮುಂದಿನ ನೂರು ಹೆಜ್ಜೆ ಏನೂ ಕಾಣುವುದಿಲ್ಲ. ಸಣ್ಣ ದೀಪ, 20–25 ಮೀಟರಿಗೊಂದು, ಬೆಳಕೆಲ್ಲ ಕೆಳಕ್ಕೆ. ನಡೆಯುವವರಿಗೆ ಇದು ಸಾಕು. ಬಣ್ಣವೂ ನೀಲಿಮಿಶ್ರಿತ ಬಿಳಿಯ ಬದಲು ಸ್ವಲ್ಪ ಹಳದಿ ಇದ್ದರೆ ಒಳ್ಳೆಯದು, ಮಳೆಗಾಲದಲ್ಲಿ ಹುಳ ಕಮ್ಮಿ ಮುತ್ತುತ್ತವೆ. ಹುಳ ಬಂದರೆ ಕಪ್ಪೆ, ಕಪ್ಪೆ ಹಿಂದೆ ಹಾವು. ಚಿಂಚೋಳಿಯಲ್ಲಿ ಇದು ಇನ್ನೂ ಮುಖ್ಯ. ಅಲ್ಲಿನ ಕಾಡು 2011ರಿಂದ ವನ್ಯಜೀವಿಧಾಮ. ನಾಳೆ ಅಲ್ಲಿ ಕಾಡಿನ ಅಂಚಿಗೆ ಹಾಸ್ಟೆಲೋ ವಸತಿ ಶಾಲೆಯೋ ಬಂದರೆ, ಆಕಾಶಕ್ಕೆಲ್ಲ ಬೆಳಕು ಚೆಲ್ಲುವ ಲೈಟು ಹಾಕಿ ರಾತ್ರಿ ತಿರುಗುವ ಪ್ರಾಣಿಗಳನ್ನು ದಿಕ್ಕೆಡಿಸಬಾರದು.

ಮೊದಲು ಇದ್ದದ್ದನ್ನು ಎಣಿಸೋಣ

ತಂಗಿಯ ಕ್ಯಾಂಪಸ್‌ನಲ್ಲೂ ಹಳೆಯ ಸೋಲಾರ್ ಕಂಬಗಳು ಇದ್ದವು. ಹೊಸದು ಬೇಕು ಅಂತ ಅರ್ಜಿ ಬರೆಯುವ ಮೊದಲು ಇರುವುದನ್ನು ಎಣಿಸಿ ಅಂದೆ. ಮೊಬೈಲಿನಲ್ಲೇ ತುಂಬುವ ಒಂದು ಸಣ್ಣ ಫಾರಂ ಮಾಡಿ ಕಳಿಸಿದೆ, ಅದರಲ್ಲಿ ಐದೇ ಪ್ರಶ್ನೆ: ಕಂಬದ ನಂಬರು, ಏಳು ಗಂಟೆಗೆ ಉರಿಯುತ್ತದೋ, ಹತ್ತಕ್ಕೆ ಉರಿಯುತ್ತದೋ, ಮೇಲೆ ಟೊಂಗೆ ಇದೆಯೋ, ಕಂಬ ವಾಲಿದೆಯೋ. ಆಕೆ ಮತ್ತು ಐವರು ಗೆಳತಿಯರು ಸುಣ್ಣದಲ್ಲಿ ಕಂಬಗಳಿಗೆ ನಂಬರು ಬರೆದರು. ವಾಚ್‌ಮನ್ ಮಾಮಾ ಮೊದಲು, "ಏನ್ ನಡಸೀರವ್ವ ಇದು" ಅಂತ ಗದರಿಸಿ, ಆಮೇಲೆ ತಾವೇ ಹತ್ತು ಗಂಟೆಯ ಎಣಿಕೆ ಮಾಡಿಕೊಟ್ಟರಂತೆ.

ದಾರಿಯಲ್ಲಿದ್ದ 22 ಕಂಬಗಳಲ್ಲಿ ಏಳು ಗಂಟೆಗೆ ಉರಿಯುತ್ತಿದ್ದದ್ದು ಒಂಬತ್ತು. ಹತ್ತಕ್ಕೆ ನಾಲ್ಕು. ಆರದವುಗಳ ಮೇಲೆ ಐದು ಕಡೆ ಬೇವಿನ ಟೊಂಗೆ ಚಾಚಿತ್ತು. ಲೈಟು ಹಾಕಿದ ವರ್ಷವೇ ವನಮಹೋತ್ಸವದಲ್ಲಿ ಸಾಲಾಗಿ ನೆಟ್ಟ ಗಿಡಗಳು, ಈಗ ಕಂಬಕ್ಕಿಂತ ಎತ್ತರ. ಟೊಂಗೆ ಸ್ವಲ್ಪ ಅಡ್ಡ ಬಂದರೆ ಸ್ವಲ್ಪ ಬೆಳಕು ಕಮ್ಮಿ ಅನ್ನುವಂತಿಲ್ಲ. ಪ್ಯಾನೆಲ್‌ನ ಸೆಲ್ಲುಗಳು ಸರಪಳಿ ಹಾಗೆ ಒಂದಕ್ಕೊಂದು ಜೋಡಿರುತ್ತವೆ, ಒಂದರ ಮೇಲೆ ನೆರಳು ಬಿದ್ದರೆ ಅದರ ಜೊತೆಗಿನವೂ ಸೊರಗುತ್ತವೆ. ಪೈಪು ಒಂದು ಕಡೆ ಮಡಚಿದರೆ ಇಡೀ ಹೊಲಕ್ಕೆ ನೀರು ನಿಲ್ಲುತ್ತದಲ್ಲ, ಹಾಗೆ. ಐದು ಟೊಂಗೆ ಕಡಿಸಿ, ಎಲ್ಲ ಪ್ಯಾನೆಲ್ ಒರೆಸಿದ ವಾರಕ್ಕೆ ಒಂಬತ್ತು ಇದ್ದದ್ದು ಹದಿನಾಲ್ಕಾಯಿತು. ಒಂದು ಪೈಸೆ ಹೊಸ ಸಾಮಾನು ಇಲ್ಲ. ಉಳಿದ ಎಂಟಕ್ಕೆ ಬ್ಯಾಟರಿಯೇ ಹೋಗಿದೆ, ಅದಕ್ಕೆ ದುಡ್ಡು ಬೇಕು. ಅರ್ಜಿ ಈಗ ಕಚೇರಿಯ ಯಾವುದೋ ಮೇಜಿನ ಮೇಲಿದೆ. ಲೈಬ್ರರಿಯಿಂದ ವಾಪಸ್ ಬರುವುದು ಮಾತ್ರ ಆರೂವರೆಯಿಂದ ಏಳೂಕಾಲಿಗೆ ಬಂದಿದೆ. ಎಂಟು ಇನ್ನೂ ಆಗಿಲ್ಲ.

ದುಡ್ಡು ಹುಟ್ಟುವುದೇ ಇಲ್ಲ ಅಂತ ನನಗೆ ಅನ್ನಿಸುವುದಿಲ್ಲ. ನಮ್ಮ ಭಾಗಕ್ಕೆ 371(ಜೆ) ಬಂದ ಮೇಲೆ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನ ಇದೆ, ಶಾಸಕರ, ಸಂಸದರ ನಿಧಿ ಇದೆ. ಕಂಬ ನೆಡಲು ಎಲ್ಲರೂ ಕೊಡುತ್ತಾರೆ. ನೆಟ್ಟಿದ್ದನ್ನು ಒರೆಸಲು ಕೊಡುವ ನಿಧಿ ಯಾವುದು ಅಂತ ಕೇಳಿದರೆ ಎಲ್ಲರೂ ಮುಖ ನೋಡುತ್ತಾರೆ. ಅದೇನು ದೊಡ್ಡ ಮೊತ್ತವೂ ಅಲ್ಲ. ಒಂದು ಕಿಲೋಮೀಟರ್ ದಾರಿಗೆ 25 ಮೀಟರಿಗೊಂದರಂತೆ 40 ಕಂಬ. ಉದ್ದ ಕೋಲಿನ ಬ್ರಷ್ಷು, ಏಣಿ ಹಿಡಿದ ಇಬ್ಬರು, ಕಂಬಕ್ಕೆ ಹತ್ತು ನಿಮಿಷ. ಏಳು ತಾಸಿನೊಳಗೆ ಮುಗಿಯಿತು. ನವೆಂಬರ್‌ನಿಂದ ಮೇ ತನಕ ಹದಿನೈದು ದಿನಕ್ಕೊಮ್ಮೆ, ಮಳೆಗಾಲದಲ್ಲಿ ತಿಂಗಳಿಗೊಮ್ಮೆ, ವಾಡಿ, ಸೇಡಂನಂಥ ಕಡೆ ಇನ್ನೊಂದು ಸಲ ಹೆಚ್ಚು. ಇಬ್ಬರ ಒಂದು ದಿನದ ಕೂಲಿ, ತಿಂಗಳಿಗೆ ಎರಡು ಸಲ.

ಬ್ಯಾಟರಿಗೆ ಐದಾರು ವರ್ಷದ ನಂತರ ಬೇಕಾಗುವ ಹಣವನ್ನು ಮೊದಲ ವರ್ಷದಿಂದಲೇ ಬೇರೆ ತೆಗೆದಿಡಬೇಕು. ಟೆಂಡರಿನಲ್ಲಿ ಬ್ಯಾಟರಿ ಎಷ್ಟು ವ್ಯಾಟ್-ಅವರ್ ಅಂತ ಬರೆಸಿ, ಬಂದ ಸಾಮಾನಿನಲ್ಲಿ ಒಂದೆರಡನ್ನು ಬಿಚ್ಚಿ ಅಳೆಯಬೇಕು, ಈ ಕೆಲಸಕ್ಕೆ ಕ್ಯಾಂಪಸ್‌ನಲ್ಲೇ ಎಲೆಕ್ಟ್ರಾನಿಕ್ಸ್, ಫಿಸಿಕ್ಸ್ ಓದುವ ಮಕ್ಕಳಿದ್ದಾರೆ. ಐದು ವರ್ಷದ ನಿರ್ವಹಣೆ ಅಂತ ಕರಾರಿನಲ್ಲಿ ಬರೆದಿರುತ್ತಾರೆ, ಆದರೆ ಪೂರ್ತಿ ಬಿಲ್ಲು ಮೊದಲೇ ಪಾಸಾಗಿರುತ್ತದೆ. ವಾಡಿಯ ಕಾಕಾ ಹೇಳಿದ ಪ್ರಕಾರ, ನಾಲ್ಕನೇ ಒಂದು ಪಾಲು ಬಿಲ್ಲು ಹಿಡಿದಿಟ್ಟು, ಪ್ರತಿ ವರ್ಷ ದೀಪಾವಳಿ ಹೊತ್ತಿಗೆ ಎಷ್ಟು ಕಂಬ ಉರಿಯುತ್ತವೋ ಎಣಿಸಿ ಅಷ್ಟಕ್ಕೇ ದುಡ್ಡು ಕೊಟ್ಟರೆ, ಕಂಪನಿಯವರು ತಾವೇ ಅವರಿಗೆ ಫೋನ್ ಮಾಡಿ, "ಏಣಿ ತಗೊಂಡು ಹೋಗ್ರಿ, ಒರೆಸಿ ಬರ್ರಿ" ಅಂತಾರಂತೆ.